ನಾಲ್ಕು ಬೀದಿಗೆ ಬಿದ್ದ ಜಾಹೀರಾತು

೯ ಜುಲೈ, ಮಂಗಳವಾರ
ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಮಸ್ಕಾರ. ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಭಾವನ ಸೊಂಟನೋವು ಈಗ ಹೇಗಿದೆ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ನೀನು ಮುಖ ಊದಿಸಿಕೊಂಡಿರುತ್ತೀಯೆಂದು ಗೊತ್ತು. ಊದಿಸಿಕೋ, ಅದರಲ್ಲಿ ನಿನ್ನ ತಪ್ಪಿಲ್ಲ. ನನ್ನ ಪಾಡು ಕೇಳಿದ ಮೇಲಾದರೂ ಇಳಿಸಿಕೋ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಗೋಡೆಗೂ ಕಿವಿ ಇರುತ್ತದೆ ಎನ್ನುವುದು ನಿಮಗೆಲ್ಲ ಗಾದೆ ಇರಬಹುದು, ನಮ್ಮ ಮನೆಯಲ್ಲಿ ಅದು ನಿಜವೇ. ನನ್ನ ಮೇಜಿನ ಹಿಂದಿನ ಗೋಡೆಗೆ ಆ ಕಡೆಯಿಂದ ಅತ್ತೆಯವರ ಮಂಚ ತಾಗಿದೆ. ಇವತ್ತು ಅವರು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾರೆ, ಆದ್ದರಿಂದ ಕಾಗದ ಬರೆಯಲು ಕೂತಿದ್ದೇನೆ.

ಹೋದ ಕಾಗದದಲ್ಲಿ ನೀನು "ನಿನ್ನ ಟೈಂಪಾಸ್ ಹೇಗೆ ನಡೀತಿದೆ?" ಎಂದು ಕೇಳಿದ್ದೆ. ಅಕ್ಕಾ, ನೀನೂ ಹಾಗಂದರೆ ನಾನು ಯಾರ ಹತ್ತಿರ ಹೋಗಲಿ? ಇನ್ನೊಂದು ಸಲ ಹೇಳುತ್ತೇನೆ, ಈ ಸಲ ನೆನಪಿಟ್ಟುಕೋ. ದಿಂಬು ಮಾಡಿಸುವ ಒಬ್ಬ ಸಾಹುಕಾರರಿದ್ದಾರೆ. ಅವರ ದಿಂಬುಗಳನ್ನು ಇಂಟರ್ನೆಟ್ಟಿನಲ್ಲಿ ಜನರ ಕಣ್ಣಿಗೆ ಬೀಳಿಸುವುದು ನನ್ನ ಕೆಲಸ. ನೀನು ಫೋನಿನಲ್ಲಿ ಏನೋ ನೋಡುತ್ತಿರುವಾಗ ನಡುವೆ ತೂರಿಕೊಂಡು ಬಂದು ತಲೆ ತಿನ್ನುತ್ತದಲ್ಲ, ಅದನ್ನು ಬರೆಯುವವಳು ನಾನು. ಚಿತ್ರ ಹುಡುಕಬೇಕು, ಸಾಲು ಬರೆಯಬೇಕು, ಯಾರು ನೋಡಿದರು, ಯಾರು ಒತ್ತಿದರು, ಯಾರು ಕೊಳ್ಳುವ ಹೊತ್ತಿಗೆ ಓಡಿಹೋದರು ಎಂದು ಕಾಯಬೇಕು. ಓಡಿಹೋದವರ ಹಿಂದೆ ಮತ್ತೆ ಬೀಳಬೇಕು. ಇದಕ್ಕೆ ಟೈಂಪಾಸ್ ಅನ್ನುವವರು ಒಂದು ದಿನ ಮಾಡಿ ನೋಡಲಿ.

ಅಡುಗೆಮನೆಗೂ ಬಚ್ಚಲಿಗೂ ನಡುವೆ, ಮೊದಲು ಇಸ್ತ್ರಿ ಮೇಜು ಇದ್ದ ಓಣಿಯಂಥ ಜಾಗವೇ ನನ್ನ ಆಫೀಸು. ಬಲಗಡೆ ವಾಷಿಂಗ್ ಮಷಿನ್. ಅದು ಕೊನೆಯಲ್ಲಿ ಬಟ್ಟೆ ಹಿಂಡುವಾಗ ಲ್ಯಾಪ್‌ಟಾಪೂ ನಾನೂ ಜೊತೆಯಲ್ಲಿ ನಡುಗುತ್ತೇವೆ. ಮನೆಯಲ್ಲಿದ್ದಾಳೆ ಅಂದರೆ ಬಿಡುವಾಗಿದ್ದಾಳೆ ಎಂದೇ ಎಲ್ಲರ ಲೆಕ್ಕ. ಬೀದಿಯವರ ಪಾರ್ಸೆಲ್‌ಗಳೆಲ್ಲ ನಮ್ಮ ಮನೆಗೇ ಬರುತ್ತವೆ. ಪಕ್ಕದ ಮನೆಯವರೊಬ್ಬರು ಹೊತ್ತು ಹುಟ್ಟಿದರೆ ಗೇಟಿಗೆ ಒರಗಿಕೊಂಡಿರುತ್ತಾರೆ, ಮಗಳು ಅವರನ್ನು ಗೇಟಿನ ಆಂಟಿ ಅನ್ನುತ್ತಾಳೆ. ಅವರು ತಮ್ಮ ಪಾರ್ಸೆಲ್ ತಾವೇ ತೆಗೆದುಕೊಳ್ಳಬಹುದಷ್ಟೆ? ಇಲ್ಲ. "ನೀನು ಹೇಗೂ ಮನೇಲೇ ಇರ್ತೀಯಲ್ಲಮ್ಮ" ಎನ್ನುತ್ತಾರೆ. ಅವರು ಎಲ್ಲಿರುತ್ತಾರೆ ಎಂದು ಕೇಳುವ ಆಸೆಯನ್ನು ಎಷ್ಟು ಸಲ ನುಂಗಿಕೊಂಡಿದ್ದೇನೋ.

ಅತ್ತೆಯವರು ನೆಂಟರಿಗೆ ಫೋನಿನಲ್ಲಿ ಹೇಳುವುದನ್ನು ನೀನು ಕೇಳಬೇಕು. "ಸೊಸೆ ಕೆಲಸಕ್ಕೇನೂ ಹೋಗಲ್ಲ. ಕೂತ್ಕೊಂಡು ಕಂಪ್ಯೂಟರ್ ಒತ್ತುತಾ ಇರ್ತಾಳೆ. ಪಾಪ, ಅಭ್ಯಾಸ ಆಗ್ಬಿಟ್ಟಿದೆ." ನಶ್ಯ ಏರಿಸುವವರ ಬಗ್ಗೆ ಮಾತಾಡಿದ ಹಾಗೆ. ನಮ್ಮನೆಯವರಂತೂ ಏನೂ ಹೇಳುವುದಿಲ್ಲ. ಲಿಫ್ಟ್ ಕಂಪನಿಯಲ್ಲಿ ಇವರ ಕೆಲಸ ನಿನಗೆ ಗೊತ್ತೇ ಇದೆ. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಬಿದ್ದರೆ ಇವರಿಗೆ ಫೋನ್ ಬರುತ್ತದೆ. ರಿಪೇರಿಯವರು ಬರುವವರೆಗೂ ಇವರು ಆ ಗುರುತಿಲ್ಲದವರ ಜೊತೆ, "ಗಾಬರಿ ಆಗ್ಬೇಡಿ, ನಾನು ಲೈನಲ್ಲೇ ಇದ್ದೀನಿ, ಮಾತಾಡ್ತಾ ಇರಿ" ಎಂದು ಬೆಣ್ಣೆಯಂತೆ ಮಾತಾಡುತ್ತಾರೆ. ಮನೆಗೆ ಬರುವ ಹೊತ್ತಿಗೆ ಮಾತೆಲ್ಲ ಖರ್ಚಾಗಿರುತ್ತದೆ.

ಈಗ ಅನಾಹುತಕ್ಕೆ ಬರುತ್ತೇನೆ.

ಸಾಹುಕಾರರು ಹೊಸ ದಿಂಬು ಮಾಡಿಸಿದರು, ಕತ್ತು ಸರಿಯಾಗಿ ನಿಂತು ನಿದ್ದೆ ಚೆನ್ನಾಗಿ ಬರುವಂಥದ್ದು. ಒಂದೇ ಸಾಮಾನಿಗೆ ಎರಡು ಜಾಹೀರಾತು ಮಾಡುವುದು ನಮ್ಮ ಕಸುಬಿನ ಪದ್ಧತಿ. ಒಂದು ನಗಿಸುವುದು, ಒಂದು ಸ್ವಲ್ಪ ಚುಚ್ಚುವುದು. ಜನ ಯಾವುದಕ್ಕೆ ಬೀಳುತ್ತಾರೋ ಅದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡುತ್ತೇವೆ. ನಗಿಸುವುದಕ್ಕೆ ನಾನು ದೂರ ಹೋಗಬೇಕಾಗಿರಲಿಲ್ಲ, ಗೋಡೆಯ ಆ ಕಡೆಯೇ ಇತ್ತು. ಕನ್ನಡಕ ಹಾಕಿಕೊಂಡೇ ಮಲಗಿರುವ ಒಬ್ಬ ಅಜ್ಜಿಯ ಚಿತ್ರ ಬರೆಸಿ, ಕೆಳಗೆ "ಅತ್ತೆಯವರ ಗೊರಕೆಗೆ ಪಾತ್ರೆ ಸ್ಟ್ಯಾಂಡ್ ಅದುರುತ್ತಿದೆಯೇ?" ಎಂದು ಹಾಕಿದೆ. ಇಡೀ ದೇಶಕ್ಕೆ ಹೋಗುವ ಜಾಹೀರಾತು, ಯಾರಿಗೆ ಯಾವ ಅತ್ತೆಯೆಂದು ಗೊತ್ತಾದೀತು?

ಹಾಕುವ ಮೊದಲು ಒಂದು ಪರೀಕ್ಷೆ ಇರುತ್ತದೆ. ನಕ್ಷೆಯಲ್ಲಿ ನಾವಿರುವ ಜಾಗದ ಸುತ್ತ ಒಂದು ಸಣ್ಣ ವೃತ್ತ ಎಳೆದು, ಅದರೊಳಗಿನ ಫೋನುಗಳಿಗಷ್ಟೇ ಬಿಟ್ಟು, ನಮ್ಮದರಲ್ಲಿ ಸರಿಯಾಗಿ ಕಾಣುತ್ತದೆಯೇ ನೋಡುವುದು. ಕಂಡಿತು. ಇನ್ನು ವೃತ್ತವನ್ನು ದೊಡ್ಡದು ಮಾಡಬೇಕು ಅನ್ನುವಷ್ಟರಲ್ಲಿ ಗೇಟಿನ ಆಂಟಿ ಪಾರ್ಸೆಲ್ ಕೇಳಿಕೊಂಡು ಬಂದರು. ಅವರನ್ನು ಸಾಗಹಾಕಿ ಬಂದರೆ ಒಲೆಯ ಮೇಲಿನ ಹಾಲು ಉಕ್ಕಿತ್ತು. ಅದನ್ನು ಒರೆಸುತ್ತಿರುವಾಗ ಅತ್ತೆಯವರು, "ನನ್ನ ಕನ್ನಡಕ ಕಾಣಿಸ್ತಿಲ್ಲ, ಸ್ವಲ್ಪ ಬಂದು ಹುಡುಕಿಕೊಡೇ" ಎಂದು ಕರೆದರು. ಮನೆಯೆಲ್ಲ ಜಾಲಾಡಿದ ಮೇಲೆ ಅದು ಅವರ ತಲೆಯ ಮೇಲೇ ಸಿಕ್ಕಿತು. ಆಮೇಲೆ ವೃತ್ತ ನನಗೆ ನೆನಪೇ ಆಗಲಿಲ್ಲ. ಇಡೀ ದೇಶಕ್ಕೆ ಬಡಿಸಬೇಕಾದದ್ದನ್ನು ಆ ಕಂಪ್ಯೂಟರು ಶ್ರದ್ಧೆಯಿಂದ ನಮ್ಮ ನಾಲ್ಕು ಬೀದಿಗೇ ಬಡಿಸಿತು. ಹಾಲಿನವನ ಫೋನಿನಲ್ಲಿ ಅದೇ, ತರಕಾರಿ ಅಂಗಡಿಯಲ್ಲಿ ಅದೇ, ಮಗಳ ಟೀಚರ ಫೋನಿನಲ್ಲೂ ಅದೇ.

ಕನ್ನಡಕ ಹಾಕಿಕೊಂಡು ಮಲಗುವವರು ಈ ನಾಲ್ಕು ಬೀದಿಯಲ್ಲಿ ಒಬ್ಬರೇ. ಅತ್ತೆಯವರೇ ಅದನ್ನು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ, ಕನಸು ಮಸುಕಾಗಬಾರದಲ್ಲ ಎಂದು. ಗೇಟಿನ ಆಂಟಿ ಒಳಗೇ ಬಂದು ಸೋಫಾದಲ್ಲಿ ಕೂತು, ಅತ್ತೆಯವರ ಮುಖಕ್ಕೆ ಫೋನ್ ಹಿಡಿದು, "ನೋಡಿ, ನಿಮ್ಮ ಹಾಗೇ ಇದ್ದಾರೆ" ಅಂದರು. ಪುಣ್ಯಾತ್ಗಿತ್ತಿ, ಗೇಟು ಬಿಟ್ಟು ಕದಲದವರು, ಇದಕ್ಕೆ ಮಾತ್ರ ಓಡಿ ಬಂದರು.

ಅತ್ತೆಯವರು ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಏನಿದ್ದರೂ ಮೊಮ್ಮಗಳ ಮೂಲಕ. ನಾನು ಎದುರಿಗೇ ತಟ್ಟೆ ಹಿಡಿದುಕೊಂಡು ನಿಂತಿರುವಾಗ, "ನಿಮ್ಮಮ್ಮನಿಗೆ ಹೇಳು, ನನಗೆ ಊಟ ಬೇಡ ಅಂತ."

"ಅಮ್ಮಾ, ಅಜ್ಜಿಗೆ ಊಟ ಬೇಡವಂತೆ."

"ಯಾಕಂತೆ ಕೇಳು."

"ಊಟ ಮಾಡಿದ್ರೆ ನಿದ್ದೆ ಬರುತ್ತೆ. ನಿದ್ದೆ ಬಂದ್ರೆ ಗೊರಕೆ ಬರುತ್ತೆ. ಗೊರಕೆ ಬಂದ್ರೆ ಅದು ಊರೋರ ಫೋನಲ್ಲಿ ಬರುತ್ತೆ ಅಂತ ಹೇಳು. ಅಷ್ಟಕ್ಕೂ ನಾನು ಗೊರಕೆ ಹೊಡೆಯೋದನ್ನ ಯಾರು ಕೇಳಿದ್ದಾರಂತೆ?"

ಇಷ್ಟು ಹೇಳಿ ಕುರ್ಚಿಯಲ್ಲಿ ಬಿಗಿಯಾಗಿ ಕೂತರು. ನಾನು ತಟ್ಟೆ ಒಳಗಿಟ್ಟು ಬರುವಷ್ಟರಲ್ಲಿ ಕೂತಲ್ಲೇ ಶುರುವಾಗಿತ್ತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ನನಗೆ ನಗುವುದಕ್ಕೂ ಧೈರ್ಯವಿರಲಿಲ್ಲ.

ಆವತ್ತೇ ಸಂಜೆ ಇವರು ಸಿಡಿಮಿಡಿಗುಟ್ಟುತ್ತಾ ಬಂದರು. ಕಟಿಂಗ್ ಶಾಪಿನವನು ಇವರ ತಲೆ ಕೈಗೆ ಸಿಕ್ಕಿದ್ದೇ ತಡ, "ಸಾರ್, ಅಮ್ಮಾವ್ರು ಒಳ್ಳೇ ನಿದ್ದೆ ಮಾಡ್ತಾರಂತೆ" ಅಂದನಂತೆ. ಅರ್ಧ ತಲೆ ಕತ್ತರಿಸಿದ್ದಾಗ ಎದ್ದು ಬರುವುದಕ್ಕೂ ಆಗಲಿಲ್ಲವಂತೆ. ಅಷ್ಟು ದಿನ ಆಡದ ಮಾತನ್ನೆಲ್ಲ ಆವತ್ತು ಒಂದೇ ಉಸಿರಿಗೆ ಆಡಿದರು. "ಚಿತ್ರ ನೋಡಿದ ಕೂಡ್ಲೇ ಗೊತ್ತಾಯ್ತು, ಇದು ನಮ್ಮಮ್ಮಾನೇ ಅಂತ. ಮನೆ ಮರ್ಯಾದೆ ಮಾರೋ ಕೆಲಸ ನಮಗೆ ಬೇಡ. ಈ ತಿಂಗಳಿಗೆ ಮುಗಿಸ್ಬಿಡು." ಅವಸರದಲ್ಲಿ ಆದ ತಪ್ಪು, ಅಳಿಸಿದ್ದೇನೆ, ಅತ್ತೆಯವರ ಕಾಲು ಹಿಡಿದೂ ಆಯಿತು ಎಂದೆ. ಇವರು ಕೇಳಲಿಲ್ಲ.

ಅಕ್ಕಾ, ಈ ಕೆಲಸವನ್ನು ನನಗೆ ಯಾರೂ ಕಲಿಸಲಿಲ್ಲ. ಮಗಳನ್ನು ಮಲಗಿಸಿ, ಒಗೆದ ಬಟ್ಟೆ ಮಡಿಸುತ್ತಾ, ವೀಡಿಯೊ ನೋಡಿ ನೋಡಿ ಕಲಿತದ್ದು. ಇದು ಹೋದರೆ ನನ್ನದು ಅನ್ನುವುದಕ್ಕೆ ಈ ಮನೆಯಲ್ಲಿ ಒಂದು ಪಾಸ್‌ವರ್ಡೂ ಉಳಿಯುವುದಿಲ್ಲ. ವಾಷಿಂಗ್ ಮಷಿನ್ ಪಕ್ಕದ ಆ ಓಣಿಗೆ ಮತ್ತೆ ಇಸ್ತ್ರಿ ಮೇಜು ಬರುತ್ತದೆ, ಅದರ ಹಿಂದೆ ನಾನು ನಿಲ್ಲುತ್ತೇನೆ. ಅದನ್ನು ನೆನೆಸಿಕೊಂಡೇ ನಿನಗೆ ಕಾಗದ ಬರೆಯಲು ಕೈ ಬರಲಿಲ್ಲ.

ಅಷ್ಟರಲ್ಲಿ ಸಾಹುಕಾರರ ಫೋನು. ಗೊರಕೆಯದನ್ನು ಅಳಿಸುವಾಗ ನಾನು ಎರಡನೆಯದನ್ನು, ಆ ಚುಚ್ಚುವ ಜಾಹೀರಾತನ್ನು, ಮುಟ್ಟಿರಲಿಲ್ಲ. ಅದರ ವೃತ್ತವೂ ಇಷ್ಟೇ ಇತ್ತೆಂಬುದು ಆ ಗಲಾಟೆಯಲ್ಲಿ ಮರೆತೇ ಹೋಗಿತ್ತು. "ಮೇಡಂ, ನಿಮ್ಮ ಏರಿಯಾ ಒಂದರಿಂದಲೇ ಇಷ್ಟೊಂದು ಆರ್ಡರು. ಅಲ್ಲಿ ಯಾರೂ ನಿದ್ದೆ ಮಾಡ್ತಾ ಇಲ್ವಾ?" ಎಂದು ಕೇಳಿದರು. ಲೆಕ್ಕ ನೋಡುತ್ತೇನೆ ಎಂದು ಫೋನ್ ಇಟ್ಟೆ. ಮಾರನೆಯ ದಿನದಿಂದ ದಿಂಬುಗಳು ಬರತೊಡಗಿದವು. ಎಲ್ಲಿಗೆ? ನಮ್ಮ ಮನೆಗೇ, ನಾನು ಹೇಗೂ ಮನೆಯಲ್ಲೇ ಇರುತ್ತೇನಲ್ಲ. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲವೂ ಹೆಂಗಸರ ಹೆಸರಿನಲ್ಲೇ. ಗೇಟಿನ ಆಂಟಿಯದೂ ಒಂದಿತ್ತು. ಹಳೆಯ ಬೆಡ್‌ಶೀಟ್ ತಂದು ಅದರಲ್ಲಿ ಸುತ್ತಿಕೊಂಡು, "ನಮ್ಮನೆಯವರಿಗೆ ಹೇಳ್ಬೇಡಮ್ಮ" ಎಂದು ಮೆಲ್ಲಗೆ ಹೇಳಿ ಹೋದರು. ಆ ದಿನ ಗೇಟಿನ ಹತ್ತಿರ ನಿಲ್ಲಲೇ ಇಲ್ಲ.

ಮೊನ್ನೆ ಭಾನುವಾರ ತೀರ್ಮಾನವಾಯಿತು. ಇವರು ದಿಂಬಿನ ಪೆಟ್ಟಿಗೆಗಳ ನಡುವೆ ಕೂತು ಫೋನ್ ನೋಡುತ್ತಿದ್ದರು. ಅತ್ತೆಯವರು ಪಕ್ಕದಲ್ಲಿದ್ದರು. "ಇದೂ ನೀನೇ ಬರೆದಿದ್ದಾ?" ಎಂದು ಕೇಳಿ ಇವರು ಗಟ್ಟಿಯಾಗಿ ಓದಿದರು. "ಪಕ್ಕದಲ್ಲಿ ಮಲಗಿರುವವರಿಗೆ, ನೀವು ಎಚ್ಚರವಾಗಿದ್ದೀರೆಂದು ಗೊತ್ತೇ?" ಹೌದು ಅಂದೆ. ಚಿತ್ರ ನೋಡಿ ಇನ್ನೊಂದು ಸಲ ಓದಿದರು. ಆಮೇಲೆ, "ನೋಡು, ಇದು ಮರ್ಯಾದಸ್ಥರ ಜಾಹೀರಾತು. ಯಾರ ಮನೆ ಸುದ್ದೀನೂ ಅಲ್ಲ, ಆದ್ರೂ ಮನಸ್ಸಿಗೆ ನಾಟುತ್ತೆ. ಹೀಗೆ ಬರಿ. ಆಗ ನಿನ್ನ ಕೆಲಸ ಬೇಡ ಅಂತ ಯಾರಂತಾರೆ?" ಎಂದರು.

ಅಲ್ಲಿಗೆ ನನ್ನ ಕೆಲಸ ಉಳಿಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಹಾಗಾಯಿತು. ಇಸ್ತ್ರಿ ಮೇಜು ಅಟ್ಟದ ಮೇಲೆಯೇ ಇದೆ. ಸಾಹುಕಾರರೂ ನಗಿಸುವುದು ಬೇಡವೇ ಬೇಡ, ಆ ಎರಡನೆಯದನ್ನೇ ದೇಶಕ್ಕೆಲ್ಲ ಬಿಡಿ ಎಂದಿದ್ದಾರೆ. ನೀನು ಸಂತೋಷಪಡಬೇಕು. ನಿನ್ನ ಫೋನಿಗೂ ಬಂದೀತು, ಬಂದರೆ ಒತ್ತಿ ನೋಡು, ಕೊಳ್ಳಬೇಕೆಂದೇನೂ ಇಲ್ಲ. ಆದರೆ ಇನ್ನೊಂದು ಸಲ ಟೈಂಪಾಸ್ ಅಂದರೆ ನಿನ್ನ ಹಿಂದೆ ಆರು ತಿಂಗಳು ದಿಂಬಿನ ಜಾಹೀರಾತು ಬಿಡುತ್ತೇನೆ, ಹುಷಾರು.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ. ದೊಡ್ಡವನು ಪರೀಕ್ಷೆಯಲ್ಲಿ ಗೆದ್ದು ಬರಲಿ, ಚಿಕ್ಕವಳ ಕೆಮ್ಮು ಬೇಗ ವಾಸಿಯಾಗಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಎಲ್ಲರಿಗೂ ಬಡಿಸಿ ಆದ ಮೇಲೆ ನಿಂತುಕೊಂಡು ತಿನ್ನಬೇಡ.

ಇಂತು,
ನಿನ್ನ ಮೆಣಸಿನಕಾಯಿ

ಮರೆತ ಮಾತು: ಲಕೋಟೆ ಅಂಟಿಸುವವಳಿದ್ದೆ, ಮನಸ್ಸು ತಡೆಯಲಿಲ್ಲ. ಆ ಎರಡನೆಯ ಜಾಹೀರಾತಿನಲ್ಲಿ ಇರುವುದು ನಮ್ಮದೇ ಮಂಚ ಅಕ್ಕಾ. ಅಲ್ಲಿ ಬೆನ್ನು ಮಾಡಿ ಮಲಗಿರುವವಳು ನಾನು, ಮಗಳ ಕೈಯಲ್ಲಿ ತೆಗೆಸಿದ ಫೋಟೋ. ಬರೆಸಿದ ಚಿತ್ರದಲ್ಲಿ ಒಂದು ಕನ್ನಡಕ ಕಂಡ ಕೂಡಲೇ ತಾಯಿಯನ್ನು ಗುರುತಿಸಿದವರು, ತಾವು ದಿನಾ ಮಲಗುವ ಮಂಚವನ್ನೂ ನನ್ನನ್ನೂ ನೋಡಿ, ಯಾರ ಮನೆ ಸುದ್ದಿಯೂ ಅಲ್ಲ ಅಂದರು. ಆ ಮಂಚದ ಮೇಲಿನ ಹೊದಿಕೆ ಅತ್ತೆಯವರು ಕೊಟ್ಟದ್ದು. ಭಾನುವಾರ ಇವರು ಓದಿದ ಮೇಲೆ ಅವರು ಫೋನನ್ನು ಕೈಗೆ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಫೋನನ್ನು ಮಗನ ಕೈಗೆ ವಾಪಸು ಕೊಟ್ಟು, "ಸಾಕು, ಅದನ್ನ ಆ ಕಡೆ ಇಡು" ಅಂದರು. ನನಗೆ ಮೊಮ್ಮಗಳನ್ನು ನಡುವೆ ತರದೆ, "ನೀನು ಹೋಗಿ ನನ್ನ ಕೋಣೇಲಿ ಸ್ವಲ್ಪ ಹೊತ್ತು ಮಲಗೇ" ಅಂದರು. ಇವರು ಯಾಕೆ ಏನು ಎಂದು ತಲೆಯೆತ್ತಿಯೂ ನೋಡಲಿಲ್ಲ. ಇವತ್ತು ಬೆಳಿಗ್ಗೆ ಸಾಹುಕಾರರು ಫೋನ್ ಮಾಡಿ, ನಾಳೆಯೊಳಗೆ ಅಂಥವೇ ಇನ್ನೊಂದು ಹತ್ತು ಸಾಲು ಬೇಕು, ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಅಂದೆ. ಅಂಥವು ನನ್ನ ಹತ್ತಿರ ಬೇಕಾದಷ್ಟಿವೆ.