ಅವ್ವನ ಬೆನ್ನಿನ ಪಟ್ಟಿ

ಆದೋನಿ
ಜನವರಿ 18, ಭಾನುವಾರ

ಪ್ರೀತಿಯ ಹಾಲೇಶಣ್ಣಾ,

ನಿನ್ನ ಮೊಣಕಾಲು ಹೇಗಿದೆ? ಹುಬ್ಬಳ್ಳಿಯಲ್ಲಿ ಚಳಿ ಜಾಸ್ತಿಯಂತೆ, ಕಿವಿಗೆ ಏನಾದರೂ ಸುತ್ತಿಕೋ. ಫೋನಿನಲ್ಲಿ ನೀನು ದನಿ ಎತ್ತಿದರೆ ನಾನು ಹೂಂ ಹೂಂ ಎಂದು ಫೋನ್ ಇಟ್ಟುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಡುವೆ ತೆಲುಗು ಅಕ್ಷರ ನುಸುಳಿದ್ದರೆ ತಿದ್ದಿಕೊಂಡು ಓದು.

"ಆರೈಕೆ ಮನಿಯವ್ರು ಮತ್ತಿನ ಔಷಧ ಹಾಕಿ ಅವ್ವನ್ನ ಕೆಡವ್ಯಾರ, ನಾ ಬಂದು ಕರ್ಕೊಂಡು ಹೋಗ್ತೀನಿ" ಅಂದೆಯಲ್ಲ, ಅದು ಹಾಗಲ್ಲ. ಹಾಗೆಯೇ ಏನೋ, ನನಗೂ ಸರಿಯಾಗಿ ತಿಳಿಯದು. ಅವ್ವನ ಬೆನ್ನುಮೂಳೆಯ ಕ್ಯಾನ್ಸರ್ ನೋವಿಗೆ ಡಾಕ್ಟರು ಬೆನ್ನ ಮೇಲೆ ಒಂದು ಪಟ್ಟಿ ಅಂಟಿಸಿದ್ದರು. ಔಷಧ ಅದರಿಂದ ಚರ್ಮದೊಳಗೆ ಮೆಲ್ಲಗೆ ಇಳಿಯುತ್ತದಂತೆ. ಪಕ್ಕದ ಮಂಚದ ಲಿಂಗಕ್ಕ ಅದನ್ನು ಸಾದಾ ಪ್ಲಾಸ್ಟರ್ ಎಂದುಕೊಂಡಳು. ಗುರುವಾರ ಅವ್ವ ನರಳಿದಾಗ ಅಲ್ಲಿನ ಅಡುಗೆಮನೆಯಲ್ಲಿ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಸರಿಯಾಗಿ ಆ ಪಟ್ಟಿಯ ಮೇಲೆಯೇ ಶಾಖ ಕೊಟ್ಟಿದ್ದಾಳೆ. ಬೆನ್ನು ಹಿಡಿದರೆ ನಮ್ಮಲ್ಲಿ ಯಾರು ಕೊಡುವುದಿಲ್ಲ ಹೇಳು? ಆ ಕಾವಿಗೆ ಔಷಧ ಬೇಗ ಬೇಗ ಒಳಗಿಳಿದುಬಿಟ್ಟಿತು. ನಾನು ಹೋಗಿ ಕರೆದರೂ ಅವ್ವ ಕಣ್ಣು ತೆರೆಯಲಿಲ್ಲ, ಉಸಿರು ಇದೆಯೋ ಇಲ್ಲವೋ ಅನ್ನುವ ಹಾಗೆ. ನರ್ಸ್ ಸುಷ್ಮಾ ಓಡಿಬಂದು ಪಟ್ಟಿ ಕಿತ್ತಳು, ಡಾಕ್ಟರು ಮತ್ತು ಇಳಿಸುವ ಸೂಜಿ ಹಾಕಿದರು. ಅವ್ವ ಎದ್ದವಳೇ, "ಯಾಕ ಅಳ್ತೀಯೇ, ಇನ್ನೂ ಸತ್ತಿಲ್ಲ. ಚಾ ತಗೊಂಡ್ ಬಾ" ಎಂದಳು! ಲಿಂಗಕ್ಕ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. "ನನ್ನ ಕಳ್ಸಾಕ ನಿನ್ನ ಕೈಲಿ ಆಗ್ಲಿಲ್ಲ ಬಿಡು, ಬಾ ಉಣ್ಣು" ಎಂದು ಅವ್ವನೇ ಕರೆಯುತ್ತಾಳೆ.

ಈಗ ಪಟ್ಟಿ ಇಲ್ಲ. ಗುಳಿಗೆ ಸಾಲುತ್ತಿಲ್ಲ, ನೋವಿಗೆ ಸೆರಗು ಕಚ್ಚುತ್ತಾಳೆ. ಕಡಿಮೆ ಔಷಧದ ಪಟ್ಟಿ ಹಚ್ಚೋಣ, ಬಿಸಿ ಮಾತ್ರ ತಾಗಬಾರದು ಎಂದು ಡಾಕ್ಟರು. ಬೇಡವೇ ಬೇಡ ಎಂದು ನೀನು. ಮದ್ದೂ ಒಳ್ಳೆಯದು, ಶಾಖವೂ ಒಳ್ಳೆಯದು, ಎರಡೂ ಸೇರಿದರೆ ಹೀಗೇಕೆ? ಜ್ವರ ಬಂದು ಮೈ ಕಾದರೆ? ಬೇಸಿಗೆಯಲ್ಲಿ ನಮ್ಮ ಆದೋನಿ ಬಿಸಿಲಿಗೆ? ಸುಷ್ಮಾ, "ಜ್ವರ ಬಂದ್ರ ಮೊದ್ಲು ನನಗ ಹೇಳ್ರಿ ಅಕ್ಕಾ. ಬಿಸಿಲಿನ ಚಿಂತಿ ಬಿಸಿಲು ಬಂದಾಗ ಮಾಡೂಣು" ಎನ್ನುತ್ತಾಳೆ. ನನ್ನ ತಲೆ ಗಿರ್ರೆನ್ನುತ್ತಿದೆ ಅಣ್ಣಾ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಉರುಕುಂದ ಈರಣ್ಣಸ್ವಾಮಿ ನಿಮ್ಮನ್ನೆಲ್ಲ ಚೆನ್ನಾಗಿಡಲಿ.

ನಿನ್ನ ತಂಗಿ
ಹೇಮಾವತಿ

ಮತ್ತೊಂದು ಮಾತು: ಕಾಗದ ಹಾಕದೆ ಎರಡು ದಿನ ಉಳಿಯಿತು. ನಿನ್ನೆ ಅವ್ವ ನನ್ನ ಕೈ ಹಿಡಿದು, "ನೋಯೋದು ನನಗ, ಹಾಲೇಶಗಲ್ಲ. ಪಟ್ಟಿ ಹಚ್ಚಸು" ಎಂದಳು. ನಿನ್ನನ್ನು ಕೇಳದೆ ಹೂಂ ಎಂದುಬಿಟ್ಟೆ. ಇವತ್ತು ಮಲಗಿದ್ದಾಳೆ. ಹೆದರಿ ಹೆದರಿ ಕರೆದರೆ, "ಮಲಗಾಕ ಬಿಡ್ತೀಯೋ ಇಲ್ಲೋ" ಎಂದು ಬೈದಳು. ಬಂದು ನೀನೂ ಬೈ ಅಣ್ಣಾ, ಆದರೆ ಪಟ್ಟಿ ಕೀಳಬೇಡ.