ಮಖಮಲ್ಲಿನ ದಿಕ್ಕು

ಜೂನ್ ೧೪, ಊಟದ ವಿರಾಮ

ನನ್ನ ಮುದ್ದು ಚಿಟ್ಟಿಗೆ,

ಅತ್ತು ಮುಗಿದಿದ್ದರೆ ಇದನ್ನು ಓದು. ಕಾಲೇಜಿನ ಸೀಟು ತಪ್ಪಿತೆಂದು ಚಿಕ್ಕಮ್ಮನ ಮನೆಯಿಂದ ನಾಲ್ಕು ಪುಟ ಗೋಳಾಡಿದ್ದೀಯ. ಸಂದರ್ಶನದಲ್ಲಿ ದರ್ಜಿ ನಿನ್ನ ಕಟಿಂಗ್ ನಕ್ಷೆಯಂತೆಯೇ ಕತ್ತರಿಸಿ ಹೊಲಿದರೂ ಅಂಗಿಯ ಎರಡು ತೋಳು ಎರಡು ಬಣ್ಣ ಕಂಡವಂತೆ, ಮೇಷ್ಟ್ರುಗಳು ನಕ್ಕರಂತೆ. "ಒಂದೇ ಬಟ್ಟೆ ಅಮ್ಮಾ, ಹೇಗಾಯ್ತು ಅಂತ ನಿಂಗೇನಾದ್ರೂ ಗೊತ್ತಾ?" ಎಂದು ಕೇಳಿದ್ದೀಯ. ಗೊತ್ತು ಕಣೇ.

ಅನ್ವಯಿಕ ಗಣಿತ, ಕಂಪ್ಯೂಟೇಷನಲ್ ಸೈನ್ಸ್ ಎಂದು ನಾಲ್ಕು ವರ್ಷದ ಪಟ್ಟಿಯನ್ನು ನೀನು ಬೀರುವಿನ ಬಾಗಿಲಿಗೆ ಅಂಟಿಸಿದ್ದೆ. ಯಾವ ವರ್ಷ ಕಲನಶಾಸ್ತ್ರ, ಯಾವ ವರ್ಷ ಪ್ರೋಗ್ರಾಮಿಂಗ್ ಎಂಬುದು ನನಗೂ ಬಾಯಿಪಾಠವಾಗಿತ್ತು. ಅರ್ಜಿಯ ಜೊತೆ ನಿಜವಾದ ಒಂದು ಕೆಲಸವನ್ನು ಗಣಿತದಿಂದ ಸುಧಾರಿಸಿ ತೋರಿಸಬೇಕಿತ್ತು. ನೀನು ನನ್ನ ಕೆಲಸ ಆರಿಸಿಕೊಂಡೆ. ಮೂರು ತಿಂಗಳು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನನ್ನ ಕಟಿಂಗ್ ಮೇಜಿನ ಪಕ್ಕ ಕೂತೆ. ಕತ್ತಿನ ಅಚ್ಚಿನ ತಗ್ಗಿನಲ್ಲಿ ಕಾಲರಿನ ಅಚ್ಚು ಕೂರಿಸುವುದು, ಚೂರು ಉಳಿಯದಂತೆ ರಟ್ಟಿನ ಅಚ್ಚು ಜೋಡಿಸುವುದು, ಎಲ್ಲವನ್ನೂ ನಾನೇ ಕೈಹಿಡಿದು ಕಲಿಸಿದೆ. ಮಗಳು ನನ್ನ ಕೆಲಸಾನೇ ಗಣಿತ ಮಾಡ್ತಿದ್ದಾಳೆ ಎಂದು ಇಡೀ ಕಾರ್ಖಾನೆಗೆ ಡಂಗುರ ಸಾರಿದೆ.

ಅರ್ಜಿಗೆಂದು ಬರೆದು ಮಾಲೀಕರಿಗೂ ಒಂದು ಪ್ರತಿ ಕೊಟ್ಟಿದ್ದೆಯಲ್ಲ, ಆ ನಿನ್ನ ವರದಿಯನ್ನು ಅವರು ಎಲ್ಲರೆದುರು ಓದಿದರು. 'ಇಲ್ಲಿನ ಕಟಿಂಗ್ ಹೆಂಗಸಿಗೆ ಲೆಕ್ಕ ಬರುವುದಿಲ್ಲ, ಅಂದಾಜಿನ ಮೇಲೆ ಕತ್ತರಿಸಿ ಬಟ್ಟೆ ಹಾಳುಮಾಡುತ್ತಾಳೆ.' ಹೆಂಗಸು! ಅಮ್ಮ ಎಂದು ಬರೆಯಲು ನಾಚಿಕೆಯಾಯಿತೇನೇ? ಇಪ್ಪತ್ತೆರಡು ವರ್ಷ ನಿಂತ ಮೇಜಿನಿಂದ ಮರುದಿನವೇ ನನ್ನನ್ನು ಎಬ್ಬಿಸಿ, ಹೊಲಿದ ಅಂಗಿಯ ದಾರ ಕತ್ತರಿಸಲು ಕೂರಿಸಿದರು. ನಾನು ನಿನಗೆ ಹೇಳಲಿಲ್ಲ. ನೀನೂ ಕೇಳಲಿಲ್ಲ.

ಸಂದರ್ಶನಕ್ಕೆ ಎರಡು ದಿನವಿದ್ದಾಗ ಮನೆಗೆ ಬಂದು ನಕ್ಷೆ ಹರಡಿದೆಯಲ್ಲ, "ಏನಾದ್ರೂ ತಪ್ಪಿದ್ರೆ ಈಗ್ಲೇ ಹೇಳಮ್ಮಾ, ನನ್ನ ಇಡೀ ಡಿಗ್ರಿ ಇದರ ಮೇಲೇ ನಿಂತಿದೆ" ಎಂದೆಯಲ್ಲ, ನೋಡಿದ ಕೂಡಲೇ ನನಗೆ ತಿಳಿಯಿತು. ಜಾಗ ಉಳಿಸಲು ನೀನು ಬರೆದ ಪ್ರೋಗ್ರಾಂ ಅರ್ಧ ತುಂಡುಗಳನ್ನು ತಲೆಕೆಳಗು ಮಾಡಿತ್ತು. ಸಾದಾ ಹತ್ತಿಗೆ ಅದು ಸರಿ. ಆದರೆ ಮಖಮಲ್ಲಿನ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ಒಂದು ತುಂಡು ತಿರುಗಿದರೂ ಸಾಕು, ಅದು ಬೇರೆಯೇ ಬಣ್ಣ ಕಾಣುತ್ತದೆ. ನೀನು ಕೂತಿದ್ದ ಮೂರು ತಿಂಗಳಲ್ಲಿ ಮೇಜಿಗೆ ಮಖಮಲ್ ಬಂದಿರಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ನೀನು ಒಂದೇ ಗಂಟೆಯಲ್ಲಿ ಸರಿಮಾಡಿಕೊಳ್ಳುತ್ತಿದ್ದೆ. ಎಲ್ಲಾ ಸರಿಯಾಗಿದೆ ಮಗಳೇ, ಧೈರ್ಯವಾಗಿ ಹೋಗಿ ಬಾ ಎಂದು ನಿನ್ನ ತಲೆ ಬಾಚಿ ಕಳಿಸಿದೆ.

ಹೊಟ್ಟೆ ಉರಿಯುತ್ತಿದೆಯಾ? ಉರಿಯಲಿ. ನೀನು ಜಾಣೆ, ಅದರಲ್ಲಿ ಎರಡು ಮಾತಿಲ್ಲ. ಬರುವ ವರ್ಷ ಮತ್ತೆ ಅರ್ಜಿ ಹಾಕು, ಬೇರೆ ಯಾರದ್ದಾದರೂ ಮೇಜಿನ ಪಕ್ಕ ಕೂತುಕೋ. ನನ್ನ ಹತ್ತಿರ ಮಾತ್ರ ಬರಬೇಡ. ಊಟ ಬಿಟ್ಟು ಸೊರಗಬೇಡ, ಚಿಕ್ಕಮ್ಮನಿಗೆ ತೊಂದರೆ.

ಇಂತಿ,
ದಾರ ಕತ್ತರಿಸುವ ನಿನ್ನ ಅಮ್ಮ

ತಾ.ಕ.: ಸಂದರ್ಶನಕ್ಕೆ ಬೇಕೆಂದು ಮೇಷ್ಟ್ರುಗಳು ನಮ್ಮ ಕಾರ್ಖಾನೆಯಿಂದಲೇ ಬಟ್ಟೆ ತರಿಸಿಕೊಂಡರು. ಕಟ್ಟಿ ಕಳಿಸಿದವಳು ನಾನು. ಮಾಲೀಕರು ಕಳಿಸಲು ಹೇಳಿದ್ದು ಸಾದಾ ಹತ್ತಿ.