ಬೆರಕೆ ಎಂದು ಬರೆದ ಚೀಟಿ

ಸಂಗ್ರಹಾಲಯದ ಹಾವಿನ ಕೋಣೆ
ಮಾರ್ಚ್ ೧೨, ಬೆಳಿಗ್ಗೆ

ನನ್ನ ಚಿನ್ನದಂಥ ಮಗಳಿಗೆ,

ಹೇಗಿದ್ದೀಯ ತಾಯಿ? ಬಾಣಂತಿ ಮೈ, ಸೊಂಟನೋವು ಇಳಿಯಿತೇ? ಮಗು ನಿದ್ದೆ ಮಾಡಗೊಡುತ್ತದೆಯೇ? ಅಳಿಯನನ್ನು ಕೇಳಿದೆನೆಂದು ಹೇಳು. ನಿಮ್ಮಮ್ಮ ಆರೋಗ್ಯವಾಗಿದ್ದಾಳೆ. ನೀನು ಮನೆ ಬಿಟ್ಟಾಗಿನಿಂದ ನನ್ನ ಜೊತೆ ಮಾತ್ರ ಅಳೆದು ತೂಗಿ ಮಾತಾಡುತ್ತಾಳೆ. ಆಡಲಿ, ನನಗೆ ಆಗಬೇಕಾದ್ದೇ.

ಚಿಕ್ಕವಳಿದ್ದಾಗ ನೀನು ಈ ಕೋಣೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದ ಮೂಲೆ ನೆನಪಿದೆಯಲ್ಲ? ಅಲ್ಲಿ ಕೆಳಗಿನ ಹಲಗೆಯ ಮೇಲೆ, ಒಂದೊಂದರಲ್ಲೂ ಒಂದು ಸತ್ತ ಹಾವನ್ನು ಕೆಡದಂತೆ ಅದ್ದಿಟ್ಟ ಹನ್ನೊಂದು ಬಾಟಲಿಗಳಿದ್ದವು. ಬೆಟ್ಟದ ಹಾವಿಗೆ ನಡುಮೈಯಲ್ಲಿ ಹದಿನೇಳು ಸಾಲು ಹುರುಪೆ, ಕೆರೆಯ ಹಾವಿಗೆ ಇಪ್ಪತ್ತೊಂದು. ಈ ಹನ್ನೊಂದಕ್ಕೂ ಹತ್ತೊಂಬತ್ತು. ಎಲ್ಲಿಡಬೇಕೆಂದು ತಿಳಿಯದೆ ನಾನೇ 'ಬೆರಕೆ' ಎಂದು ಚೀಟಿ ಅಂಟಿಸಿ ಕೈತೊಳೆದುಕೊಂಡಿದ್ದೆ. ಮೂವತ್ತು ವರ್ಷ ಯಾರೂ ಅವುಗಳತ್ತ ತಿರುಗಿ ನೋಡಲಿಲ್ಲ.

ಹೋದ ತಿಂಗಳು ನಿನ್ನ ವಯಸ್ಸಿನ ಸಂಶೋಧಕಿಯೊಬ್ಬಳು ಬಂದು ಅವುಗಳ ವಂಶವಾಹಿ ಪರೀಕ್ಷೆ ಮಾಡಿಸಿದಳು. ಎಂದೋ ಒಂದು ಕಾಲದಲ್ಲಿ ಬೆಟ್ಟದ್ದೂ ಕೆರೆಯದ್ದೂ ಕೂಡಿ ಹುಟ್ಟಿದ ಮರಿಗಳು ನಡುವಿನ ಕಲ್ಲುಬಂಡೆಗಳಲ್ಲಿ ನೆಲೆ ನಿಂತವಂತೆ. ಅಲ್ಲಿ ಅಪ್ಪನ ಕಡೆಯವೂ ಬಾಳವು, ಅಮ್ಮನ ಕಡೆಯವೂ ಬಾಳವು. ಇವು ತಮ್ಮತಮ್ಮಲ್ಲೇ ಕೂಡಿ, ಸಾವಿರಾರು ತಲೆಮಾರು ಕಳೆದು, ಬೇರೆಯೇ ಜಾತಿಯ ಹಾವಾಗಿವೆ. ನಾನು ಸುಮ್ಮನಿರುತ್ತೇನೆಯೇ? ಬೆರಕೆ ಮರಿಗಳಿಗೆ ವಂಶ ಎಲ್ಲಿಯದು ಎಂದು ವಾದಕ್ಕಿಳಿದೆ. ಎಷ್ಟೋ ಸಲ ಅವು ಉಳಿಯುವುದಿಲ್ಲ, ಇಲ್ಲವೇ ಒಂದು ಕಡೆಗೆ ಕರಗಿಹೋಗುತ್ತವೆ, ಎಲ್ಲೋ ಕೆಲವು ಹೀಗೆ ನಿಲ್ಲುತ್ತವೆ ಎಂದು ಒಪ್ಪಿಕೊಂಡಳು. ಆಮೇಲೆ, "ಅದೂ ಅಲ್ಲ ಇದೂ ಅಲ್ಲ ಅನ್ಬೇಡಿ ಸರ್. ಇದು ಇದೇ," ಅಂದಳು.

ಅವಳ ಮಾತಿಗೆ ನನ್ನದೇ ಹಳೆಯ ಮಾತು ನೆನಪಾಯಿತು. ಬೇರೆ ನಾಡಿನ, ಬೇರೆ ಮಾತಿನ ಹುಡುಗನನ್ನು ಮದುವೆಯಾಗುತ್ತೇನೆಂದು ನೀನು ಹೇಳಿದ ದಿನ ನಾನು ಅಂದದ್ದೇನು? "ಹುಟ್ಟೋದು ಬೆರಕೆ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ." ನೀನು ಚೀಲ ಎತ್ತಿಕೊಂಡು ಹೋದೆ. ತಪ್ಪಾಯಿತು ಮಗಳೇ.

ಇವತ್ತು ಬೆಚ್ಚಗಿನ ನೀರು ಹಚ್ಚಿ ಹನ್ನೊಂದೂ ಚೀಟಿ ಬಿಡಿಸಿದೆ. ಬಾಟಲಿಗಳನ್ನು ಕಣ್ಣೆತ್ತರದ ಹಲಗೆಗೆ ತಂದಿಟ್ಟೆ. ತಪ್ಪು ಚೀಟಿಯನ್ನೂ ಎಸೆಯದೆ ಹೊಸದರ ಹಿಂದೆ ಇಡಬೇಕೆಂಬುದು ನಮ್ಮ ಕೆಲಸದ ನಿಯಮ. ನಾನು ಆಡಿದ ಮಾತೂ ಹಾಗೇ ಉಳಿದಿರುತ್ತದೆ, ಗೊತ್ತು.

ಮಗುವಿನ ಎರಡೂ ಕೆನ್ನೆಗೆ ತಾತನ ಮುತ್ತು. ಮೂವರೂ ತಣ್ಣಗಿರಿ.

ನಿನ್ನ ಬಾಯಿಬಡುಕ
ಅಪ್ಪ

ಮರೆತಿದ್ದೆ: ಹೊಸ ಚೀಟಿಯಲ್ಲಿ ಹೆಸರಿನ ಜಾಗ ಸದ್ಯಕ್ಕೆ ಖಾಲಿ. ಅದನ್ನೇ ನೋಡುತ್ತಾ ಕೂತಿದ್ದೇನೆ. ನಮ್ಮ ಮಗುವಿನ ಹೆಸರೂ ನನಗೆ ಗೊತ್ತಿಲ್ಲ. ನಿಮ್ಮಮ್ಮನನ್ನು ಕೇಳಿದರೆ, "ನನ್ನನ್ನಲ್ಲ, ಅವಳನ್ನ ಕೇಳಿ," ಅನ್ನುತ್ತಾಳೆ. ಕೇಳುತ್ತಿದ್ದೇನೆ ತಾಯಿ, ಏನು ಹೆಸರಿಟ್ಟೆ?